ಸವೆದ ಪಂಪ್ ಮತ್ತೆ ಹೊಸದಾಗುವ ಬಗೆ

ಸೆಂಟ್ರಿಫ್ಯೂಗಲ್ ಪಂಪಿನೊಳಗೆ ನೀರನ್ನು ದೂಡುವ ಕೆಲಸ ಮಾಡುವುದು ಒಂದೇ ಒಂದು ಭಾಗ, ಅದು ಇಂಪೆಲ್ಲರ್. ಬಾಗಿದ ರೆಕ್ಕೆಗಳಿರುವ ಈ ಚಕ್ರ ಮೋಟರಿನ ವೇಗದಲ್ಲಿ ತಿರುಗುತ್ತ, ನಡುವಿನ ಕಣ್ಣಿನಿಂದ ಒಳಬಂದ ನೀರನ್ನು ಅಂಚಿನ ಕಡೆಗೆ ಎಸೆಯುತ್ತದೆ. ಇಂಪೆಲ್ಲರ್ ಸುತ್ತ ಸುರುಳಿಯಾಗಿ ಅಗಲವಾಗುತ್ತ ಹೋಗುವ ಕೇಸಿಂಗ್, ಎಸೆದ ನೀರಿನ ವೇಗವನ್ನು ತಗ್ಗಿಸಿ ಅದನ್ನು ಒತ್ತಡವಾಗಿ ಮಾರ್ಪಡಿಸುತ್ತದೆ. ಇವೆರಡನ್ನು ಬಿಟ್ಟರೆ ಉಳಿದ ಭಾಗಗಳೆಲ್ಲ ಇರುವುದು ಇಂಪೆಲ್ಲರನ್ನು ಸರಿಯಾದ ಜಾಗದಲ್ಲಿ ಹಿಡಿದು ತಿರುಗಿಸುವುದಕ್ಕೆ ಮತ್ತು ನೀರು ಹೊರಗೆ ಸೋರದಂತೆ ತಡೆಯುವುದಕ್ಕೆ: ಶಾಫ್ಟ್, ಬೇರಿಂಗ್, ಸ್ಲೀವ್, ಗ್ಲ್ಯಾಂಡ್ ಅಥವಾ ಮೆಕ್ಯಾನಿಕಲ್ ಸೀಲ್, ವೇರ್ ರಿಂಗ್, ಕಪ್ಲಿಂಗ್.

ರಚನೆ ಇಷ್ಟು ಸರಳವಾಗಿರುವುದರಿಂದಲೇ ಆಕಾರಕ್ಕೆ ಇಲ್ಲಿ ಅಷ್ಟೊಂದು ಬೆಲೆ. 1851ರ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಜಾನ್ ಆಪೊಲ್ಡ್ ತೋರಿಸಿದ ಬಾಗಿದ ರೆಕ್ಕೆಯ ಪಂಪ್ 68 ಶೇಕಡಾ ದಕ್ಷತೆ ಕೊಟ್ಟಿತು. ನೇರ ರೆಕ್ಕೆಯ ಇಂಪೆಲ್ಲರ್ ಅದರ ಅರ್ಧವನ್ನೂ ಮುಟ್ಟಲಿಲ್ಲ. ರೆಕ್ಕೆಯ ಬಾಗು ಸರಿಯಾದರೆ ಇಷ್ಟು ಗಳಿಕೆ ಇದೆ ಎಂದಾದರೆ, ವರ್ಷಗಟ್ಟಲೆ ದುಡಿದು ಅದೇ ಬಾಗು ಸವೆದಾಗ ನಷ್ಟವೂ ಇದ್ದೇ ಇರುತ್ತದೆ. ಆದರೆ ಸವೆದ ಪಂಪ್ ಒಮ್ಮೆಲೇ ನಿಂತುಬಿಡುವುದಿಲ್ಲ. ನೀರು ಬರುತ್ತಲೇ ಇರುತ್ತದೆ, ಕರೆಂಟ್ ಮಾತ್ರ ಹೆಚ್ಚು ತಿನ್ನುತ್ತದೆ.

ಎಷ್ಟು ಹೆಚ್ಚು ಎಂಬುದನ್ನು ಒಂದು ಲೆಕ್ಕದಲ್ಲಿ ನೋಡಬಹುದು. ಗಂಟೆಗೆ 300 ಘನ ಮೀಟರ್ ನೀರನ್ನು 40 ಮೀಟರ್ ಎತ್ತರಕ್ಕೆ ಏರಿಸಲು ನೀರಿಗೆ ಕೊಡಬೇಕಾದ ಶಕ್ತಿ 32.7 ಕಿಲೋವ್ಯಾಟ್. ಪಂಪಿನ ದಕ್ಷತೆ 75 ಶೇಕಡಾ ಇದ್ದಾಗ ಶಾಫ್ಟಿಗೆ 43.6 ಕಿಲೋವ್ಯಾಟ್ ಸಾಕು. ಸವೆದು ದಕ್ಷತೆ 67ಕ್ಕೆ ಇಳಿದರೆ ಅದೇ ಕೆಲಸಕ್ಕೆ 48.8 ಕಿಲೋವ್ಯಾಟ್ ಬೇಕು. ಹಗಲೂ ರಾತ್ರಿ 150 ದಿನ ಓಡಿದರೆ ಈ ವ್ಯತ್ಯಾಸವೇ ಸುಮಾರು 18,700 ಯೂನಿಟ್ ಆಗುತ್ತದೆ. ಕಾವೇರಿ ನೀರನ್ನು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಹಂತಗಳಲ್ಲಿ ಸುಮಾರು 500 ಮೀಟರ್ ಮೇಲಕ್ಕೆತ್ತಿ, 100 ಕಿಲೋಮೀಟರ್ ದೂರದಿಂದ ಬೆಂಗಳೂರಿಗೆ ತರುವಂಥ ಯೋಜನೆಯಲ್ಲಿ ಒಂದೊಂದು ಶೇಕಡಾ ದಕ್ಷತೆಯೂ ಎಷ್ಟು ದೊಡ್ಡ ಮೊತ್ತವೆಂದು ಬಿಡಿಸಿ ಹೇಳಬೇಕಿಲ್ಲ.

150 ದಿನ ಎಂಬುದು ಸುಮ್ಮನೆ ಹಿಡಿದ ಸಂಖ್ಯೆಯಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ನುರಿಸುವ ಹಂಗಾಮು ದೀಪಾವಳಿಯ ಆಸುಪಾಸಿನಲ್ಲಿ ಶುರುವಾದರೆ ಬೇಸಿಗೆಯವರೆಗೆ ನಡೆಯುತ್ತದೆ. ಆ ಅವಧಿಯಲ್ಲಿ ಪಂಪ್ ನಿಲ್ಲಿಸುವ ಮಾತೇ ಇಲ್ಲ. ಹಂಗಾಮು ಮುಗಿದ ಮೇಲೆ ಇಡೀ ಕಾರ್ಖಾನೆ ಬಿಚ್ಚಿಕೊಳ್ಳುತ್ತದೆ. ಪಂಪಿನ ಸವೆತವನ್ನು ಅರಿಯಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ, ಏಕೆಂದರೆ ಒಂದೇ ಕಾಂಪೌಂಡಿನೊಳಗೆ ಬೇರೆ ಬೇರೆ ಬಗೆಯ ಸವೆತ ಕಾಣಸಿಗುತ್ತದೆ. ಗಾಣದಿಂದ ಬಂದ ಹಸಿ ರಸ ಹುಳಿಗುಣದ್ದು. ಅದರಲ್ಲಿ ಸಿಪ್ಪೆಯ ನಾರೂ ಹೊಲದ ಮಣ್ಣು ಮರಳೂ ಸೇರಿರುತ್ತವೆ. ಅದನ್ನು ಎತ್ತುವ ಪಂಪಿಗೆ ಉಜ್ಜುವಿಕೆಯೂ ತುಕ್ಕೂ ಒಟ್ಟೊಟ್ಟಿಗೆ ಬಾಧೆ. ಕಂಡೆನ್ಸರಿಗೆ ತಂಪು ನೀರು ಕೊಡುವ ಇಂಜೆಕ್ಷನ್ ಪಂಪ್ ದೊಡ್ಡ ಗಾತ್ರದ್ದು. ಬಾಯ್ಲರಿನ ಫೀಡ್ ಪಂಪಿನಲ್ಲಿ ಒಂದೇ ಶಾಫ್ಟಿನ ಮೇಲೆ ಹಲವು ಇಂಪೆಲ್ಲರುಗಳಿದ್ದು, ಕುದಿಯುವ ಬಿಂದುವಿನ ಹತ್ತಿರದ ನೀರನ್ನು ಅದು ಭಾರೀ ಒತ್ತಡಕ್ಕೆ ಏರಿಸಬೇಕು.

ತಪಾಸಣೆ ಶುರುವಾಗಬೇಕಾದದ್ದು ಪಂಪ್ ಓಡುತ್ತಿರುವಾಗಲೇ. ನಿಲ್ಲಿಸುವ ಮುಂಚಿನ ದಿನಗಳಲ್ಲಿ ಸಕ್ಷನ್ ಮತ್ತು ಡೆಲಿವರಿ ಒತ್ತಡ, ಮೋಟರಿನ ಆಂಪಿಯರ್, ಬೇರಿಂಗಿನ ಬಿಸಿ, ಕಂಪನ ಇವನ್ನೆಲ್ಲ ಬರೆದಿಟ್ಟುಕೊಳ್ಳಬೇಕು. ಕಂಪನ ಅಳೆಯುವ ಉಪಕರಣ ಎಷ್ಟು ಅದುರುತ್ತಿದೆ ಎಂಬುದರ ಜೊತೆಗೆ ಯಾವ ಲಯದಲ್ಲಿ ಅದುರುತ್ತಿದೆ ಎಂಬುದನ್ನೂ ತೋರಿಸುತ್ತದೆ. ಶಾಫ್ಟ್ ಒಂದು ಸುತ್ತಿಗೆ ಒಮ್ಮೆ ಅದುರಿದರೆ ಅನುಮಾನ ಹೋಗಬೇಕಾದದ್ದು ಇಂಪೆಲ್ಲರಿನ ತೂಕದ ಏರುಪೇರಿನ ಮೇಲೆ. ಸುತ್ತಿಗೆ ಎರಡು ಬಾರಿ ಎಂದರೆ ಮೋಟರ್ ಮತ್ತು ಪಂಪಿನ ಅಲೈನ್‌ಮೆಂಟ್ ತಪ್ಪಿರುವ ಸಂಭವ ಹೆಚ್ಚು. ರೆಕ್ಕೆಗಳ ಸಂಖ್ಯೆಯಷ್ಟು ಬಾರಿ ಎಂದರೆ ಇಂಪೆಲ್ಲರ್ ಮತ್ತು ಕೇಸಿಂಗಿನ ನಾಲಿಗೆಯ (ಸುರುಳಿಯ ನೀರು ಡೆಲಿವರಿ ಕಡೆಗೆ ಕವಲೊಡೆಯುವ ಅಂಚಿನ) ನಡುವಿನ ಜಾಗದಲ್ಲೋ ನೀರಿನ ಹರಿವಿನಲ್ಲೋ ತೊಂದರೆ ಇದೆ. ಈ ಅಳತೆಗಳಿಲ್ಲದೆ ಪಂಪ್ ಬಿಚ್ಚುವವರು ರೋಗಿಯನ್ನು ಮಾತನಾಡಿಸದೆ ಶಸ್ತ್ರಚಿಕಿತ್ಸೆಗೆ ಇಳಿದ ವೈದ್ಯರ ಹಾಗೆ. ಭಾಗಗಳೆಲ್ಲ ಕೈಗೆ ಸಿಗುತ್ತವೆ, ಕಾಯಿಲೆಯ ಕಾರಣ ಸಿಗುವುದಿಲ್ಲ.

ಬಿಚ್ಚುವ ಮೊದಲು ವಿದ್ಯುತ್ ಸಂಪರ್ಕ ತೆಗೆದು ಸ್ವಿಚ್ಚಿಗೆ ಬೀಗ ಹಾಕಬೇಕು. ಎರಡೂ ಕಡೆಯ ವಾಲ್ವ್ ಮುಚ್ಚಿ, ಒಳಗಿನ ದ್ರವವನ್ನು ಪೂರ್ತಿ ಬಸಿಯಬೇಕು. ಬಿಸಿ ನೀರಿನ ಪಂಪಿನಲ್ಲಿ ಉಳಿದ ಒತ್ತಡವನ್ನು ಬಿಡದೆ ಬೋಲ್ಟ್ ಸಡಿಲಿಸಿದರೆ ಮೈ ಸುಡುತ್ತದೆ. ಇನ್ನೊಂದು ಅಪಾಯ ಅನುಭವಿ ಫಿಟ್ಟರುಗಳ ಗಮನದಿಂದಲೂ ತಪ್ಪಿಹೋಗುವಂಥದ್ದು. ಇಂಪೆಲ್ಲರ್ ಶಾಫ್ಟನ್ನು ಬಿಗಿಯಾಗಿ ಕಚ್ಚಿಕೊಂಡಿದ್ದರೆ ಅದನ್ನು ಗ್ಯಾಸ್ ಟಾರ್ಚಿನಿಂದ ಕಾಸಿ ಹೊರಗೆಳೆಯುವ ರೂಢಿ ಇದೆ. ಇಂಪೆಲ್ಲರಿನ ಹಬ್ಬಿಗೂ ಶಾಫ್ಟಿಗೂ ನಡುವಿನ ಟೊಳ್ಳಿನಲ್ಲಿ ಸ್ವಲ್ಪ ನೀರು ಸಿಕ್ಕಿಕೊಂಡಿದ್ದರೂ ಅದು ಆವಿಯಾಗಿ ಸಿಡಿಯಬಹುದು. ಕಾಸಲೇಬೇಕಾದರೆ ಆ ಟೊಳ್ಳಿನ ನೀರು ಬಸಿದಿದೆಯೇ ಎಂದು ಖಾತ್ರಿ ಮಾಡಿಕೊಂಡು, ಅಂಚಿನಿಂದ ಹಬ್ಬಿನ ಕಡೆಗೆ ಸಮನಾಗಿ ಕಾಸುತ್ತ ಬರಬೇಕು.

ಬಿಚ್ಚುತ್ತ ಹೋದಂತೆ ಯಾವ ಭಾಗ ಯಾವುದರ ಎದುರಿಗಿತ್ತು ಎಂದು ಪಂಚ್ ಗುರುತು ಹಾಕಬೇಕು. ಎಲ್ಲೆಲ್ಲಿ ಎಷ್ಟು ದಪ್ಪದ ಶಿಮ್ ಇತ್ತು, ಶಾಫ್ಟ್ ಹಿಂದೆ ಮುಂದೆ ಎಷ್ಟು ಸರಿಯುತ್ತಿತ್ತು, ಕಪ್ಲಿಂಗಿನ ಎರಡು ಮುಖಗಳ ನಡುವೆ ಎಷ್ಟು ಸಂದು ಇತ್ತು ಎಂಬುದೆಲ್ಲ ದಾಖಲಾಗಬೇಕು. ತೊಳೆಯುವ ಮೊದಲೇ ಫೋಟೊ ತೆಗೆದುಕೊಳ್ಳುವುದು ಒಳ್ಳೆಯದು. ತುಕ್ಕಿನ ಬಣ್ಣ, ಗಸಿ ಕೂತ ಜಾಗ, ಗ್ರೀಸಿನ ಕಪ್ಪು ಇವೆಲ್ಲ ಸಾಕ್ಷಿಗಳು. ಡೀಸೆಲಿನಲ್ಲಿ ಒಮ್ಮೆ ಅದ್ದಿ ಉಜ್ಜಿದರೆ ಅಳಿಸಿಹೋಗುತ್ತವೆ.

ಪಂಪ್ ರಿಪೇರಿಯಲ್ಲಿ ಅತ್ಯಂತ ಮುಖ್ಯವಾದ ಕೆಲಸ ಇನ್ನು ಮುಂದಿನದು, ಸವೆದ ಗುರುತನ್ನು ಓದುವುದು. ಸವೆದ ಭಾಗ ತೆಗೆದು ಹೊಸದನ್ನು ಹಾಕಲು ಯಾರಿಗಾದರೂ ಬರುತ್ತದೆ. ಸವೆದದ್ದು ಏಕೆ ಎಂದು ತಿಳಿಯದೆ ಹಾಕಿದರೆ ಮುಂದಿನ ಹಂಗಾಮಿನಲ್ಲಿ ಅದೇ ಜಾಗ ಮತ್ತೆ ಸವೆಯುತ್ತದೆ.

ಕ್ಯಾವಿಟೇಶನ್ ಎಂಬ ತೊಂದರೆಯ ಗುರುತು ಎದ್ದು ಕಾಣುತ್ತದೆ. ಇಂಪೆಲ್ಲರಿನ ಕಣ್ಣಿನ ಬಳಿ ನೀರಿನ ಒತ್ತಡ ತೀರಾ ಕುಸಿದರೆ ನೀರು ಅಲ್ಲೇ ಕುದಿದು ಸಣ್ಣ ಆವಿಗುಳ್ಳೆಗಳಾಗುತ್ತದೆ. ನೀರು ಕುದಿಯಲು ಬಿಸಿಯೇ ಬೇಕೆಂದಿಲ್ಲ. 25 ಡಿಗ್ರಿಯ ತಣ್ಣೀರೂ ಒತ್ತಡ 3.2 ಕಿಲೋಪ್ಯಾಸ್ಕಲಿಗೆ, ಅಂದರೆ ವಾತಾವರಣದ ಒತ್ತಡದ ಸುಮಾರು ಮೂವತ್ತೆರಡರಲ್ಲೊಂದು ಭಾಗಕ್ಕೆ ಇಳಿದಾಗ ಕುದಿಯುತ್ತದೆ. ಗುಳ್ಳೆಗಳು ರೆಕ್ಕೆಯ ಉದ್ದಕ್ಕೂ ಸಾಗಿ ಒತ್ತಡ ಹೆಚ್ಚಿರುವ ಕಡೆ ಬಂದೊಡನೆ ಒಳಕ್ಕೆ ಕುಸಿಯುತ್ತವೆ. ಒಂದೊಂದು ಕುಸಿತವೂ ಲೋಹದ ಮೇಲೆ ಬೀಳುವ ಸೂಕ್ಷ್ಮ ಪೆಟ್ಟು. ಪಂಪ್ ಓಡುವಾಗ ಒಳಗೆ ಜಲ್ಲಿ ಉರುಳುತ್ತಿರುವ ಸದ್ದು ಕೇಳಿಸುವುದು ಇದರಿಂದಲೇ. ಬಿಚ್ಚಿದಾಗ ರೆಕ್ಕೆಯ ಆರಂಭದ ಅಂಚನ್ನು ದಾಟಿ ಸ್ವಲ್ಪ ಒಳಗೆ ಲೋಹ ತೂತು ತೂತಾಗಿ, ಕೈಯಾಡಿಸಿದರೆ ತರಚುವಷ್ಟು ಒರಟಾಗಿರುತ್ತದೆ.

ಆ ತೂತುಗಳು ರೆಕ್ಕೆಯ ಯಾವ ಮಗ್ಗುಲಿನಲ್ಲಿವೆ ಎಂಬುದನ್ನು ನೋಡಲೇಬೇಕು. ಇಂಪೆಲ್ಲರಿನ ಕಣ್ಣಿನೊಳಗೆ ಇಣುಕಿದಾಗ ನೇರವಾಗಿ ಕಾಣುವ ಮಗ್ಗುಲಿನಲ್ಲಿದ್ದರೆ ಸಕ್ಷನ್ ಕಡೆ ಒತ್ತಡ ಸಾಲುತ್ತಿಲ್ಲ ಎಂದರ್ಥ. ಸ್ಟ್ರೈನರ್ ಕಟ್ಟಿಕೊಂಡಿರಬಹುದು, ಪೈಪ್ ಸಣ್ಣದಾಗಿರಬಹುದು, ಟ್ಯಾಂಕಿನ ನೀರಿನ ಮಟ್ಟ ಕೆಳಗಿರಬಹುದು, ದ್ರವ ಅಗತ್ಯಕ್ಕಿಂತ ಬಿಸಿಯಾಗಿರಬಹುದು. ಕನ್ನಡಿ ಹಿಡಿದು ನೋಡಿದರೆ ಮಾತ್ರ ಕಾಣುವ ಹಿಂಬದಿಯ ಮಗ್ಗುಲಿನಲ್ಲಿದ್ದರೆ ಕತೆ ಬೇರೆ. ಆಗ ಪಂಪನ್ನು ಅದರ ಸಾಮರ್ಥ್ಯಕ್ಕಿಂತ ತೀರಾ ಕಡಿಮೆ ಹರಿವಿನಲ್ಲಿ ಓಡಿಸಲಾಗಿದೆ. ಕಣ್ಣಿನ ಬಳಿ ನೀರು ಮುಂದೆ ಹೋಗದೆ ಸುಳಿಯಾಗಿ ಹಿಂದಕ್ಕೆ ತಿರುಗಿದೆ. ಮೊದಲನೆಯದಕ್ಕೆ ಪರಿಹಾರ ಸಕ್ಷನ್ ಪೈಪಿನಲ್ಲಿದೆ, ಎರಡನೆಯದಕ್ಕೆ ಪಂಪಿನ ಆಯ್ಕೆಯಲ್ಲಿದೆ. ಎರಡಕ್ಕೂ ಒಂದೇ ಬಗೆಯ ಹೊಸ ಇಂಪೆಲ್ಲರ್ ತಂದು ಕೂರಿಸುವುದು ದುಡ್ಡು ನೀರಿಗೆ ಹಾಕಿದಂತೆ.

ಮರಳಿನ ಸವೆತ ಹೀಗೆ ತೂತಾಗುವುದಿಲ್ಲ. ಅದು ನೀರು ಹರಿದ ದಿಕ್ಕಿನಲ್ಲಿ ನುಣುಪಾದ ಗೀರುಗಳನ್ನು ಕೊರೆದು ರೆಕ್ಕೆಯ ತುದಿಯನ್ನು ಬ್ಲೇಡಿನಷ್ಟು ತೆಳ್ಳಗೆ ಮಾಡುತ್ತದೆ. ಬೂದುಬಣ್ಣದ ಬೀಡುಕಬ್ಬಿಣಕ್ಕೆ ಬರುವ ಒಂದು ತುಕ್ಕು ಇನ್ನೂ ಮೋಸದ್ದು. ಕಬ್ಬಿಣ ಕರಗಿಹೋಗಿ ಗ್ರಾಫೈಟಿನ ಜಾಲ ಮಾತ್ರ ಹಾಗೇ ಉಳಿದುಕೊಳ್ಳುತ್ತದೆ. ಆಕಾರ, ಗಾತ್ರ ಯಾವುದರಲ್ಲೂ ಕೊರತೆ ಕಾಣುವುದಿಲ್ಲ. ಚಾಕುವಿನ ಮೊನೆಯಿಂದ ಗೀಚಿದರೆ ಪೆನ್ಸಿಲಿನ ಸೀಸದಂಥ ಮೆತ್ತನೆಯ ಪುಡಿ ಉದುರುತ್ತದೆ. ಅಂಥ ಕೇಸಿಂಗ್ ಒತ್ತಡಕ್ಕೆ ಯಾವಾಗ ಬೇಕಾದರೂ ಒಡೆಯಬಹುದು.

ವೇರ್ ರಿಂಗುಗಳು ಪಂಪಿನ ಚರಿತ್ರೆಯನ್ನೇ ಬರೆದಿಟ್ಟುಕೊಂಡಿರುತ್ತವೆ. ಇವು ಜೋಡಿಯಾಗಿರುತ್ತವೆ: ಒಂದು ಇಂಪೆಲ್ಲರಿನ ಜೊತೆ ತಿರುಗುತ್ತದೆ, ಇನ್ನೊಂದು ಕೇಸಿಂಗಿನಲ್ಲಿ ಕೂತಿರುತ್ತದೆ. ಒತ್ತಡ ಪಡೆದ ನೀರು ಮತ್ತೆ ಸಕ್ಷನ್ ಕಡೆಗೆ ನುಸುಳದಂತೆ ಇವೆರಡರ ನಡುವಿನ ಸಣ್ಣ ಸಂದು ತಡೆಯುತ್ತದೆ. ತಿರುಗುವ ರಿಂಗ್ ಒಂದೇ ಕಡೆ ಉಜ್ಜಿದ್ದು, ನಿಂತ ರಿಂಗ್ ಸುತ್ತಲೂ ಉಜ್ಜಿದ್ದರೆ ಶಾಫ್ಟ್ ಬಾಗಿದೆ, ಇಲ್ಲವೇ ಇಂಪೆಲ್ಲರಿನ ತೂಕ ಸಮನಾಗಿಲ್ಲ. ಇದಕ್ಕೆ ತಿರುಗುಮುರುಗಾಗಿ ನಿಂತ ರಿಂಗ್ ಒಂದೇ ಮಗ್ಗುಲಿಗೆ ಸವೆದು, ತಿರುಗುವ ರಿಂಗ್ ಪೂರ್ತಿ ಸವೆದಿದ್ದರೆ ಶಾಫ್ಟನ್ನು ಏನೋ ಒಂದು ಸದಾ ಒಂದೇ ದಿಕ್ಕಿಗೆ ತಳ್ಳುತ್ತಿದೆ. ಪೈಪಿನ ಎಳೆತವೋ, ಅಲೈನ್‌ಮೆಂಟ್ ದೋಷವೋ, ತಪ್ಪಾದ ಹರಿವಿನಲ್ಲಿ ಓಡಿಸಿದ್ದರಿಂದ ಹುಟ್ಟಿದ ಒತ್ತಡವೋ ಎಂದು ಹುಡುಕಬೇಕು. ಇಷ್ಟು ಸ್ಪಷ್ಟವಾಗಿ ಕಾರಣ ಹೇಳುವ ಭಾಗ ಪಂಪಿನಲ್ಲಿ ಮತ್ತೊಂದಿಲ್ಲ. ಆದರೂ ವರ್ಕ್‌ಶಾಪಿನ ಗುಜರಿ ರಾಶಿಗೆ ಮೊದಲು ಬೀಳುವುದು ಇದೇ ರಿಂಗ್.

ರಿಂಗಿನ ಅಳತೆ ತೆಗೆಯುವಾಗ ಮೈಕ್ರೋಮೀಟರನ್ನು ಸುತ್ತಲೂ ಹಲವು ಕಡೆ ಹಿಡಿದು ನೋಡಬೇಕು, ಏಕೆಂದರೆ ಸವೆದ ರಿಂಗ್ ದುಂಡಗಿರುವುದಿಲ್ಲ. ಪೆಟ್ರೋಲಿಯಂ ಉದ್ದಿಮೆಯ ಪಂಪುಗಳಿಗಾಗಿ ರೂಪಿಸಿದ ಎಪಿಐ 610 ಮಾನದಂಡದಂತೆ 150 ಮಿಲಿಮೀಟರ್ ವ್ಯಾಸದ ರಿಂಗಿಗೆ ಇರಬೇಕಾದ ಕನಿಷ್ಠ ಸಂದು 0.43 ಮಿಲಿಮೀಟರ್. ಅಂದರೆ ತಿರುಗುವ ರಿಂಗ್ 150.00 ಇದ್ದರೆ ಕೇಸಿಂಗ್ ರಿಂಗಿನ ಒಳವ್ಯಾಸ 150.43. ಹಂಗಾಮಿನ ಕೊನೆಗೆ ತಿರುಗುವ ರಿಂಗ್ 149.72ಕ್ಕೆ ಇಳಿದು, ಕೇಸಿಂಗ್ ರಿಂಗ್ 150.74ಕ್ಕೆ ಹಿಗ್ಗಿದೆ ಎಂದುಕೊಂಡರೆ ಸಂದು 1.02 ಮಿಲಿಮೀಟರ್ ಆಯಿತು. ಮೂಲ ಸಂದು ಇಮ್ಮಡಿಯಾದಾಗ ರಿಂಗ್ ಬದಲಿಸಬೇಕು ಎಂಬುದು ಕಾರ್ಖಾನೆಗಳಲ್ಲಿ ನಡೆದುಬಂದ ನಿಯಮ. ಇಲ್ಲಿ ಅದೂ ದಾಟಿದೆ.

ಬದಲಿಸಲು ಎರಡು ದಾರಿಗಳಿವೆ. ಎರಡೂ ರಿಂಗುಗಳನ್ನು ಹೊಸದಾಗಿ ಹಾಕುವುದು ಒಂದು. ತಿರುಗುವ ರಿಂಗಿನಲ್ಲಿ ಸಾಕಷ್ಟು ದಪ್ಪ ಉಳಿದಿದ್ದರೆ ಅದನ್ನು ಲೇತಿನಲ್ಲಿ 149.40ಕ್ಕೆ ದುಂಡಗೆ ಕಡೆದು, ಅದಕ್ಕೆ ಹೊಂದುವಂತೆ 149.83 ಒಳವ್ಯಾಸದ ಕೇಸಿಂಗ್ ರಿಂಗ್ ಮಾತ್ರ ಹೊಸದಾಗಿ ಮಾಡಿಸುವುದು ಇನ್ನೊಂದು. ಎರಡನೆಯದು ಅಗ್ಗ, ಮತ್ತು ಸರಿಯಾಗಿ ಮಾಡಿದರೆ ಮೊದಲನೆಯದರಷ್ಟೇ ಒಳ್ಳೆಯದು. ಎರಡು ರಿಂಗುಗಳ ಗಡಸುತನದಲ್ಲಿ ಬ್ರಿನೆಲ್ ಅಳತೆಯಲ್ಲಿ ಕನಿಷ್ಠ 50ರ ಅಂತರವಿರಬೇಕು, ಇಲ್ಲವಾದರೆ ಎರಡೂ 400ಕ್ಕಿಂತ ಗಡಸಾಗಿರಬೇಕು. ಒಂದೇ ಗಡಸಿನ ಸ್ಟೇನ್‌ಲೆಸ್ ಉಕ್ಕಿನ ರಿಂಗುಗಳು ಒಂದನ್ನೊಂದು ಮುಟ್ಟಿದರೆ ಲೋಹ ಕಿತ್ತು ಅಂಟಿಕೊಂಡು ಪಂಪ್ ಜಾಮ್ ಆಗುತ್ತದೆ. ಹೊಸ ರಿಂಗನ್ನು ಒತ್ತಿ ಕೂರಿಸಿದ ಮೇಲೆ ಅದರ ಒಳವ್ಯಾಸ ತುಸು ಕುಗ್ಗುವುದರಿಂದ ಅಳತೆಯನ್ನು ಮತ್ತೊಮ್ಮೆ ತೆಗೆಯಲೇಬೇಕು.

ಇಂಪೆಲ್ಲರಿನ ಬಿರುಕು ಬರಿಗಣ್ಣಿಗೆ ಕಾಣದು. ತೊಳೆದು ಒಣಗಿಸಿದ ಮೇಲೆ ಕೆಂಪು ಬಣ್ಣದ ದ್ರವ ಬಳಿದು ಹತ್ತಿಪ್ಪತ್ತು ನಿಮಿಷ ಬಿಡುತ್ತಾರೆ. ಮೇಲಿನ ಬಣ್ಣ ಒರೆಸಿ ಬಿಳಿ ಡೆವಲಪರ್ ಸಿಂಪಡಿಸಿದಾಗ, ಬಿರುಕಿನೊಳಗೆ ಇಳಿದಿದ್ದ ಬಣ್ಣ ಹೊರಗೆ ಒಸರಿ ಕೆಂಪು ಗೆರೆಯಾಗಿ ಮೂಡುತ್ತದೆ. ರೆಕ್ಕೆ ಮತ್ತು ಬಿಲ್ಲೆ ಕೂಡುವ ಮೂಲೆ, ಕೀ ಕೂರುವ ಸೀಳಿನ ಚೂಪು ಮೂಲೆಗಳು ಇವನ್ನು ವಿಶೇಷವಾಗಿ ನೋಡಬೇಕು.

ರಿಪೇರಿ ಸಾಧ್ಯವೇ ಎಂಬುದನ್ನು ಲೋಹ ತೀರ್ಮಾನಿಸುತ್ತದೆ. 316 ಜಾತಿಯ ಸ್ಟೇನ್‌ಲೆಸ್ ಎರಕಕ್ಕೆ ವೆಲ್ಡಿಂಗ್ ಸುಲಭ. ಕ್ಯಾವಿಟೇಶನ್ ತಡೆದುಕೊಳ್ಳುವುದಕ್ಕೆ ಹೆಸರಾದ, 13 ಶೇಕಡಾ ಕ್ರೋಮಿಯಂ ಮತ್ತು 4 ಶೇಕಡಾ ನಿಕಲ್ ಇರುವ ಸಿಎ6ಎನ್‌ಎಂ ಉಕ್ಕನ್ನು ಮೊದಲು ಕಾಸಿ ವೆಲ್ಡ್ ಮಾಡಿ, ಆಮೇಲೆ ಶಾಖೋಪಚಾರ ಕೊಡಬೇಕು. ಬೀಡುಕಬ್ಬಿಣಕ್ಕೆ ನಿಕಲ್ ಎಲೆಕ್ಟ್ರೋಡ್ ಹಿಡಿದು ತುಂಡು ತುಂಡಾಗಿ ಬೆಸೆದು, ನಿಧಾನವಾಗಿ ತಣಿಸಬೇಕು. ಆದರೂ ಪಕ್ಕದಲ್ಲೇ ಹೊಸ ಬಿರುಕು ಬಿಡುವುದುಂಟು. ಹಾಗಾಗಿ ಬೀಡಿನ ಇಂಪೆಲ್ಲರ್ ಹೆಚ್ಚು ಸವೆದಿದ್ದರೆ ಹೊಸ ಎರಕವೇ ಲೇಸು. ಬೆಳಗಾವಿ, ಶಿವಮೊಗ್ಗದಂಥ ಫೌಂಡ್ರಿ ಊರುಗಳು ಹತ್ತಿರವಿರುವಾಗ ಇದು ಕಷ್ಟವೇನಲ್ಲ. ಸವೆದ ಇಂಪೆಲ್ಲರನ್ನೇ ಮಾದರಿಯಾಗಿ ಕೊಟ್ಟು ಎರಕ ಹೊಯ್ಯಿಸುವ ಚಾಳಿ ಮಾತ್ರ ಹೋಗಬೇಕು. ಸವೆದ ರೆಕ್ಕೆಯ ಆಕಾರವೇ ಹೊಸ ಲೋಹದಲ್ಲಿ ಮೂಡಿಬರುತ್ತದೆ, ಜೊತೆಗೆ ಎರಕ ತಣಿಯುವಾಗ ಕುಗ್ಗಿ ಗಾತ್ರವೂ ಕಡಿಮೆಯಾಗುತ್ತದೆ.

ರಿಪೇರಿಯಾದ ಇಂಪೆಲ್ಲರನ್ನು ಬ್ಯಾಲೆನ್ಸಿಂಗ್ ಯಂತ್ರಕ್ಕೆ ಹಾಕದೆ ಕೂರಿಸಬಾರದು. ಪಂಪ್ ಇಂಪೆಲ್ಲರುಗಳಿಗೆ ಸಾಮಾನ್ಯವಾಗಿ ಬಳಸುವ ಜಿ 6.3 ದರ್ಜೆಯ ಪ್ರಕಾರ, ನಿಮಿಷಕ್ಕೆ 1480 ಸುತ್ತು ತಿರುಗುವ 20 ಕಿಲೋ ಇಂಪೆಲ್ಲರಿಗೆ 150 ಮಿಲಿಮೀಟರ್ ತ್ರಿಜ್ಯದಲ್ಲಿ ಒಟ್ಟು ಐದೂವರೆ ಗ್ರಾಂನಷ್ಟು ಏರುಪೇರು ಮಾತ್ರ ಸಲ್ಲುತ್ತದೆ. ಹೆಚ್ಚು ಬಿಗಿಯಾದ ಜಿ 2.5 ದರ್ಜೆಯಲ್ಲಾದರೆ ಎರಡು ಗ್ರಾಂಗೆ ತುಸು ಮೇಲೆ. ಒಂದು ಕಡೆ ಸ್ವಲ್ಪ ಹೆಚ್ಚು ವೆಲ್ಡ್ ತುಂಬಿದರೂ ಈ ಮಿತಿ ಮೀರುತ್ತದೆ.

ಶಾಫ್ಟನ್ನು ವಿ-ಬ್ಲಾಕುಗಳ ಮೇಲಿಟ್ಟು, ಡಯಲ್ ಗೇಜಿನ ಮೊನೆ ತಾಗಿಸಿ ನಿಧಾನವಾಗಿ ಒಂದು ಸುತ್ತು ತಿರುಗಿಸಿದಾಗ ಮುಳ್ಳಿನ ಒಟ್ಟು ಓಡಾಟ 0.05 ಮಿಲಿಮೀಟರ್ ದಾಟಬಾರದು. ಬಾಗಿದ ಶಾಫ್ಟನ್ನು ಪ್ರೆಸ್ಸಿನಲ್ಲಿ ಒತ್ತಿ ನೇರ ಮಾಡಬಹುದಾದರೂ ಒಳಗೆ ಉಳಿದ ಒತ್ತಡದಿಂದ ಓಡುತ್ತ ಓಡುತ್ತ ಅದು ಮತ್ತೆ ಬಾಗುವುದೇ ಹೆಚ್ಚು. ಬೇರಿಂಗ್ ಕೂರುವ ಜಾಗದ ಅಳತೆಯಲ್ಲಿ ಮೈಕ್ರಾನ್ ಲೆಕ್ಕ ಬರುತ್ತದೆ. 50 ಮಿಲಿಮೀಟರಿನ ಬೇರಿಂಗಿಗೆ ಕೆ5 ಫಿಟ್ ಎಂದರೆ ಶಾಫ್ಟ್ 50.002ರಿಂದ 50.013ರ ಒಳಗಿರಬೇಕು. ಅಳೆದಾಗ 49.97 ಬಂದರೆ ಬೇರಿಂಗಿನ ಒಳ ರಿಂಗ್ ಶಾಫ್ಟಿನ ಮೇಲೆ ಜಾರಿ ತಿರುಗಿದೆ. ಆ ಜಾಗ ಕಂದುಬಣ್ಣಕ್ಕೆ ತಿರುಗಿ ಹೊಳಪಾಗಿರುತ್ತದೆ. ಇಂಥ ಕಡೆ ಸೆಂಟರ್ ಪಂಚಿನಿಂದ ಚುಕ್ಕೆ ಹೊಡೆದು ಲೋಹ ಉಬ್ಬಿಸಿ ಬೇರಿಂಗ್ ಬಿಗಿ ಮಾಡುವ ಪದ್ಧತಿ ಎಲ್ಲೆಡೆ ಇದೆ. ಅದು ರಿಪೇರಿಯಲ್ಲ. ಚುಕ್ಕೆಗಳ ತುದಿ ಕೆಲವೇ ದಿನಗಳಲ್ಲಿ ಚಪ್ಪಟೆಯಾಗುತ್ತದೆ, ಒಂದೊಂದು ಚುಕ್ಕೆಯೂ ಬಿರುಕಿನ ಬೀಜವಾಗುತ್ತದೆ. ಶಾಫ್ಟಿಗೆ ವೆಲ್ಡ್ ತುಂಬುವುದೂ ಅಪಾಯಕರ, ಕಾವಿಗೆ ಶಾಫ್ಟ್ ಸೊಟ್ಟಗಾಗುತ್ತದೆ. ಮೆಟಲ್ ಸ್ಪ್ರೇ ಅಥವಾ ಹಾರ್ಡ್ ಕ್ರೋಮ್ ಲೇಪನದಿಂದ ಗಾತ್ರ ಹೆಚ್ಚಿಸಿ, ಗ್ರೈಂಡಿಂಗ್ ಮಾಡಿ ಸರಿಯಾದ ಅಳತೆಗೆ ತರುವುದು ಸರಿಯಾದ ದಾರಿ. ಗ್ಲ್ಯಾಂಡಿನ ಕೆಳಗೆ ಸವೆಯುವುದು ಸ್ಲೀವ್ ಮಾತ್ರ. ಶಾಫ್ಟನ್ನು ಕಾಪಾಡಲೆಂದೇ ಅದನ್ನು ಹಾಕಿರುವುದರಿಂದ ಗೀರು ಬಿದ್ದ ಸ್ಲೀವನ್ನು ಉಳಿಸಿಕೊಳ್ಳಲು ಹೆಣಗಬೇಕಿಲ್ಲ.

ಕಳಚಿದ ಬೇರಿಂಗನ್ನು ಮತ್ತೆ ಹಾಕಬಾರದು, ಎಳೆಯುವಾಗಲೇ ಅದರ ಗುಂಡುಗಳೂ ಹಾದಿಯೂ ಪೆಟ್ಟು ತಿಂದಿರುತ್ತವೆ. ಆದರೆ ಎಸೆಯುವ ಮೊದಲು ಕೊಯ್ದು ನೋಡಬೇಕು. ಹಾದಿಯಲ್ಲಿ ಲೋಹದ ಚಕ್ಕೆ ಎದ್ದಿದ್ದರೆ ದಣಿವು. ನೀಲಿ ಬಣ್ಣಕ್ಕೆ ತಿರುಗಿದ್ದರೆ ಅತಿಯಾದ ಬಿಸಿ. ಅಡ್ಡಡ್ಡ ಸಾಲುಗೀರು ಮೂಡಿದ್ದರೆ ಮೋಟರಿನ ವೇಗ ನಿಯಂತ್ರಿಸುವ ಡ್ರೈವಿನಿಂದ ಬೇರಿಂಗಿನ ಮೂಲಕ ವಿದ್ಯುತ್ ಹರಿದಿರಬಹುದು. ಗುಂಡಿನ ಬೇರಿಂಗಿನ ಮೇಲೆ ಹೊರೆ ಕಾಲು ಭಾಗ ಹೆಚ್ಚಿದರೆ ಅದರ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಹಾಗಾಗಿ ಮೇಲಿಂದ ಮೇಲೆ ಬೇರಿಂಗ್ ಹೋಗುತ್ತಿದ್ದರೆ ಬೇರಿಂಗ್ ಕಂಪನಿಯನ್ನು ದೂರುವ ಮೊದಲು ಹೊರೆ ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕು. ಹೊಸ ಬೇರಿಂಗನ್ನು ಇಂಡಕ್ಷನ್ ಹೀಟರಿನಲ್ಲಿ 110 ಡಿಗ್ರಿಯಷ್ಟು ಕಾಸಿದರೆ ಸಲೀಸಾಗಿ ಕೂರುತ್ತದೆ. ಸುತ್ತಿಗೆ ಪೆಟ್ಟು ಬೇಡ. ಗ್ರೀಸ್ ಒಳಗಿನ ಖಾಲಿ ಜಾಗದ ಮೂರನೇ ಒಂದರಿಂದ ಅರ್ಧದವರೆಗೆ ಸಾಕು, ತುಂಬಿ ತುಳುಕಿದರೆ ಗ್ರೀಸೇ ಬಿಸಿ ಹುಟ್ಟಿಸುತ್ತದೆ.

ಮೆಕ್ಯಾನಿಕಲ್ ಸೀಲಿನಲ್ಲಿ ಇಂಗಾಲದ ಮುಖವೊಂದು ಸಿಲಿಕಾನ್ ಕಾರ್ಬೈಡಿನಂಥ ಗಡಸು ಮುಖದ ಮೇಲೆ ತಿರುಗುತ್ತದೆ. ನಡುವೆ ಇರುವುದು ದ್ರವದ ತೆಳು ಪೊರೆ ಮಾತ್ರ. ಈ ಮುಖಗಳನ್ನು ವಜ್ರದ ಪುಡಿಯಿಂದ ಲ್ಯಾಪಿಂಗ್ ಮಾಡಿ ಸಮತಟ್ಟಾಗಿಸಿ, ಹೀಲಿಯಂ ದೀಪದ ಏಕವರ್ಣದ ಬೆಳಕಿನಡಿ ಗಾಜಿನ ಬಿಲ್ಲೆ ಇಟ್ಟು ಪರೀಕ್ಷಿಸುತ್ತಾರೆ. ಆಗ ಕಾಣುವ ಒಂದೊಂದು ಪಟ್ಟಿಯೂ 0.29 ಮೈಕ್ರಾನಿನ ಏರಿಳಿತವನ್ನು ತೋರಿಸುತ್ತದೆ. ಎರಡು ಮೂರು ಪಟ್ಟಿಗಿಂತ ಹೆಚ್ಚಿರಬಾರದು. ಬೆರಳು ತಾಗಿದ ಎಣ್ಣೆಯ ಜಿಡ್ಡೂ ಇಲ್ಲಿ ದೋಷ ಎನಿಸಿಕೊಳ್ಳುತ್ತದೆ. ಗ್ಲ್ಯಾಂಡ್ ಪ್ಯಾಕಿಂಗಿನ ಪಂಪಿಗೆ ಇಷ್ಟು ನಾಜೂಕು ಬೇಕಿಲ್ಲ. ಹಗ್ಗದಂತಿರುವ ಪ್ಯಾಕಿಂಗನ್ನು ಉಂಗುರಗಳಾಗಿ ಕತ್ತರಿಸಿ, ಒಂದರ ಬಾಯಿ ಇನ್ನೊಂದರ ಬಾಯಿಯ ಸಾಲಿಗೆ ಬರದಂತೆ ತುಂಬಿದರಾಯಿತು.

ಕೇಸಿಂಗಿನಲ್ಲಿ ಎಲ್ಲಕ್ಕಿಂತ ಮೊದಲು ಸವೆಯುವುದು ಅದರ ನಾಲಿಗೆ. ಗೋಡೆಯ ದಪ್ಪವನ್ನು ಅಲ್ಟ್ರಾಸಾನಿಕ್ ಗೇಜಿನಿಂದ ಹೊರಗಿನಿಂದಲೇ ಅಳೆಯಬಹುದು. ದಪ್ಪ ಸಾಕಷ್ಟಿದ್ದು ಒಳಮೈ ಮಾತ್ರ ಗುಳಿಬಿದ್ದಿದ್ದರೆ ಸೆರಾಮಿಕ್ ಪುಡಿ ಬೆರೆತ ಎಪಾಕ್ಸಿ ತುಂಬಿ ನುಣುಪು ಮಾಡುತ್ತಾರೆ. ಒಳ್ಳೆಯ ಲೇಪನ ತುಕ್ಕು ತಡೆಯುವುದಲ್ಲದೆ ನೀರಿನ ಘರ್ಷಣೆಯನ್ನೂ ಇಳಿಸುತ್ತದೆ. ಆದರೆ ಗ್ರಿಟ್ ಬ್ಲಾಸ್ಟಿಂಗ್ ಮಾಡಿ ಲೋಹವನ್ನು ಹೊಳೆಯುವಂತೆ ಮಾಡದೆ, ಮೈ ಒರಟಾಗಿಸದೆ ಬಳಿದ ಎಪಾಕ್ಸಿ ಪದರ ಪದರವಾಗಿ ಕಿತ್ತುಬರುತ್ತದೆ. ಲೋಹದ ಉಷ್ಣತೆ ಗಾಳಿಯ ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು, ಇಲ್ಲವಾದರೆ ಕಣ್ಣಿಗೆ ಕಾಣದ ತೇವದ ಮೇಲೆ ಲೇಪನ ಕೂರುತ್ತದೆ. ಸಕ್ಕರೆ ಕಾರ್ಖಾನೆಗಳ ಓವರ್‌ಹಾಲ್ ಜೂನ್ ದಾಟಿ ಮುಂಗಾರಿಗೆ ಸಿಕ್ಕಿದಾಗ ಈ ನಿಯಮ ಬಹಳ ಸಲ ಮುರಿದುಬೀಳುತ್ತದೆ. ಲೇಪನದ ಕೆಲಸವನ್ನು ಏಪ್ರಿಲ್, ಮೇ ತಿಂಗಳಲ್ಲೇ ಮುಗಿಸುವುದು ಜಾಣತನ. ವೆಲ್ಡ್ ಮಾಡಿದ ಕೇಸಿಂಗನ್ನು ಅದರ ಗರಿಷ್ಠ ಕೆಲಸದ ಒತ್ತಡದ ಒಂದೂವರೆ ಪಟ್ಟು ನೀರಿನ ಒತ್ತಡದಲ್ಲಿ ಅರ್ಧ ಗಂಟೆ ಇಟ್ಟು, ಎಲ್ಲೂ ಜಿನುಗದಿದ್ದರೆ ಮಾತ್ರ ಒಪ್ಪಿಕೊಳ್ಳಬೇಕು.

ಜೋಡಣೆ ಮುಗಿದ ಮೇಲೆ ಶಾಫ್ಟನ್ನು ಕೈಯಿಂದ ತಿರುಗಿಸಿದರೆ ಎಲ್ಲೂ ಹಿಡಿಯದೆ ತಿರುಗಬೇಕು. ಪೈಪಿನ ಫ್ಲೇಂಜುಗಳು ಬಲ ಹಾಕದೆ ಎದುರುಬದುರು ಕೂಡಬೇಕು. ಚೈನ್ ಬ್ಲಾಕ್ ಕಟ್ಟಿ ಪೈಪನ್ನು ಎಳೆದು ಬೋಲ್ಟ್ ಹಾಕಿದರೆ ಆ ಎಳೆತವನ್ನು ಪಂಪ್ ಜೀವನಪೂರ್ತಿ ಹೊರುತ್ತದೆ. ಮೋಟರ್ ಸರಿಯಾದ ದಿಕ್ಕಿಗೆ ತಿರುಗುತ್ತದೆಯೇ ಎಂದು ಕಪ್ಲಿಂಗ್ ಜೋಡಿಸುವ ಮೊದಲೇ ನೋಡಬೇಕು, ಏಕೆಂದರೆ ಶಾಫ್ಟಿಗೆ ಥ್ರೆಡ್ಡಿನಿಂದ ಕೂತ ಇಂಪೆಲ್ಲರ್ ಹಿಮ್ಮುಖವಾಗಿ ತಿರುಗಿದರೆ ಬಿಚ್ಚಿಕೊಂಡು ಕೇಸಿಂಗಿಗೆ ಬಡಿಯುತ್ತದೆ. ಡಯಲ್ ಗೇಜ್ ಅಥವಾ ಲೇಸರ್ ಬಳಸಿ ಎರಡು ಶಾಫ್ಟುಗಳ ನಡುಗೆರೆಗಳನ್ನು 0.05 ಮಿಲಿಮೀಟರಿನೊಳಗೆ ಹೊಂದಿಸಬೇಕು.

ಕೇಸಿಂಗಿನಲ್ಲಿ ನೀರು ತುಂಬಿ, ಗಾಳಿ ಪೂರ್ತಿ ಹೊರಬಿಟ್ಟ ಮೇಲೆಯೇ ಪಂಪ್ ಓಡಿಸಬೇಕು. ಒಣಗಿದ ಸೀಲ್ ಕೆಲವೇ ಕ್ಷಣಗಳಲ್ಲಿ ಸುಟ್ಟುಹೋಗುತ್ತದೆ. ಗ್ಲ್ಯಾಂಡ್ ಪಂಪಾದರೆ ಮೊದಲು ನೀರು ಧಾರಾಳವಾಗಿ ಸೋರಲು ಬಿಟ್ಟು, ಆಮೇಲೆ ನಟ್ಟನ್ನು ಸ್ವಲ್ಪ ಸ್ವಲ್ಪವೇ ಬಿಗಿಗೊಳಿಸುತ್ತ ನಿಮಿಷಕ್ಕೆ ನಲವತ್ತರಿಂದ ಅರವತ್ತು ಹನಿಗೆ ತರಬೇಕು. ಪೂರ್ತಿ ಹನಿ ನಿಲ್ಲಿಸಿದರೆ ಸ್ಲೀವ್ ಸುಡುತ್ತದೆ. ಬೇರಿಂಗಿನ ಬಿಸಿ ಏರುವುದು ನಿಂತು ಒಂದು ಮಟ್ಟಕ್ಕೆ ಬಂದಾಗ ಒತ್ತಡ, ಆಂಪಿಯರ್, ಕಂಪನಗಳನ್ನು ಬಿಚ್ಚುವ ಮೊದಲಿನ ದಾಖಲೆಯ ಪಕ್ಕದಲ್ಲೇ ಬರೆದುಕೊಳ್ಳಬೇಕು.

ಬಾಯ್ಲರ್ ಫೀಡ್ ಪಂಪಿನಂಥ ಬಿಸಿ ಪಂಪಿಗೆ ಇನ್ನೂ ಒಂದು ಕೆಲಸ ಉಳಿಯುತ್ತದೆ. ಉಕ್ಕು ಪ್ರತಿ ಡಿಗ್ರಿಗೆ ಮೀಟರಿಗೆ 0.012 ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಕಾಲಿನಿಂದ ನಡುಗೆರೆಯವರೆಗೆ 300 ಮಿಲಿಮೀಟರ್ ಎತ್ತರವಿರುವ ಪಂಪ್ 80 ಡಿಗ್ರಿ ಬಿಸಿಯಾದರೆ ಅದರ ಶಾಫ್ಟ್ 0.29 ಮಿಲಿಮೀಟರಿನವರೆಗೆ ಮೇಲೇರಬಹುದು. ತಣ್ಣಗಿದ್ದಾಗ ಹೊಂದಿಸಿದ 0.05ರ ನಾಜೂಕು ಅಲ್ಲಿಗೆ ಕೆಟ್ಟಂತೆ. ಆದ್ದರಿಂದ ಈ ಏರಿಕೆಯನ್ನು ಮೊದಲೇ ಲೆಕ್ಕ ಹಾಕಿ ಮೋಟರನ್ನು ಅಷ್ಟು ಎತ್ತರಿಸಿ ಕೂರಿಸುತ್ತಾರೆ, ಪಂಪ್ ಪೂರ್ತಿ ಬಿಸಿಯಾಗಿ ಕೆಲವು ಗಂಟೆ ಓಡಿದ ಮೇಲೆ ನಿಲ್ಲಿಸಿ ತಣಿಯುವ ಮುಂಚೆಯೇ ಅಲೈನ್‌ಮೆಂಟ್ ಮತ್ತೊಮ್ಮೆ ನೋಡುತ್ತಾರೆ. ಅದು ಸರಿ ಬಂದರೆ ಫೌಂಡೇಶನ್ ಬೋಲ್ಟುಗಳನ್ನು ಕೊನೆಯ ಬಾರಿ ಬಿಗಿದು, ಪಂಪನ್ನು ಮತ್ತೆ ಹಂಗಾಮಿಗೆ ಒಪ್ಪಿಸಬಹುದು.